ಮೊದಲ ಚೌಕದ ಗುಲಾಬಿ

ಮಲ್ಲವಿ, ಮಿನ್ಯಾ ಪ್ರಾಂತ
14 ಮಾರ್ಚ್ 2019

ಬನ್ನಿ ಮಹಾಜನರೇ, ಮುಂದೆ ಬನ್ನಿ, ಹಿಂದಿನವರು ಕೂತುಕೊಳ್ಳಿ! ಕೇಳುವವಳು ನೀನೊಬ್ಬಳೇ ಆದರೂ ನಿನ್ನಪ್ಪ ಹೀಗೆ ಕೂಗದೆ ಶುರುಮಾಡಲಾರ. ಪ್ರೀತಿಯ ಮಗಳೇ ನಜ್ಲಾ, ಕ್ಷೇಮವೇ? ಅಲೆಕ್ಸಾಂಡ್ರಿಯಾದ ಸಮುದ್ರಗಾಳಿಗೆ ಕೆಮ್ಮು ಮರುಕಳಿಸಿಲ್ಲ ತಾನೇ? ಪ್ರಯೋಗಶಾಲೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ಉಪ್ಪಿನಲ್ಲಿಟ್ಟ ನಿಂಬೆ ಕಳಿಸುತ್ತಿದ್ದಾಳೆ.

ನಿಮ್ಮ ತಂಡ ತಯಾರಿಸಿದ ಮೂತ್ರ ಪರೀಕ್ಷೆಯ ಕಾಗದದ ಪಟ್ಟಿಗಳೆಲ್ಲ ಮುಗಿದವು. ನಾಟಕದ ಸುಲ್ತಾನನ ಪಾತ್ರಕ್ಕೆ ಉಳಿಸಿಕೊಂಡಿದ್ದ ಗಂಟಲನ್ನೆಲ್ಲ ಹೋದ ತಿಂಗಳು ದೋಣಿಕಟ್ಟೆಯಲ್ಲಿ ಸುರಿದೆ: "ಒಂದು ಲೋಟ ಮೂತ್ರ, ಹತ್ತೇ ನಿಮಿಷ! ಮೂತ್ರಕೋಶದಲ್ಲಿ ಕ್ಯಾನ್ಸರ್ ಅಡಗಿದ್ರೆ ಇಲ್ಲೇ ಹಿಡೀತೀವಿ!" ಮೀನುಗಾರ ಶಹಾತ ಬಿಡುತ್ತಾನೆಯೇ? "ಏ ಸುಲ್ತಾನಾ, ನನ್ನ ಉಚ್ಚೆಗೂ ಚಪ್ಪಾಳೆ ಹೊಡೆಸ್ತೀಯೇನಯ್ಯಾ?" ಎಂದ. ನಲವತ್ಮೂರು ಜನ ಬಂದರು. ನರ್ಸಮ್ಮನೂ ನಾನೂ ಪಟ್ಟಿಯ ಮೇಲೆ ಮೂಡಿದ ಪ್ರತಿ ಗೆರೆಯನ್ನು ನೀನು ಕೊಟ್ಟ ರಟ್ಟಿನ ಬಣ್ಣದ ಚೌಕಗಳ ಪಕ್ಕ ಹಿಡಿದು ನೋಡಿದೆವು. ಇಬ್ಬರದು ಕಡುಗೆಂಪು, ಅವರನ್ನು ಆಸ್ಪತ್ರೆಗೆ ಅಟ್ಟಿದೆವು. ಮೊದಲ ಚೌಕದ ಗುಲಾಬಿ, ಇಲ್ಲವೇ ಅದಕ್ಕಿಂತ ತಿಳಿಯಾದ ಗೆರೆ ಬಂದವರಿಗೆಲ್ಲ ನಿರಾತಂಕ ಎಂದೆವು. ಶಹಾತನ ಗೆರೆ ಆ ಚೌಕಕ್ಕೆ ಸರಿಸಮ. ಅವನ ಬೆನ್ನಿಗೆ ಗುದ್ದಿ, "ಹೋಗೋ, ಇನ್ನೂ ನಲವತ್ತು ವರ್ಷ ಮೀನು ನಾರ್ತಿರು" ಎಂದೆ. ನಾನೂ ಪರೀಕ್ಷಿಸಿಕೊಂಡೆ. ಅದೇ ಗುಲಾಬಿ.

ಈಗ ಕುರ್ಚಿ ಹಿಡಿದುಕೋ, ಮಗಳೇ. ಹತ್ತು ದಿನದ ಹಿಂದೆ ನನ್ನ ಮೂತ್ರದಲ್ಲಿ ರಕ್ತ ಬಂತು. ದಾಸವಾಳದ ಷರಬತ್ತಿನ ಬಣ್ಣವೆಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಮಿನ್ಯಾದ ವೈದ್ಯರು ನಳಿಗೆ ಹಾಕಿ ನೋಡಿ, "ಉಸ್ತಾದ್, ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ನಿನ್ನೆ ಮೊನ್ನೇದಲ್ಲ, ಎರಡು ವರ್ಷದ್ದಾದ್ರೂ ಇರ್ಬೇಕು" ಎಂದರು. ಮುಂದಿನ ವಾರ ಶಸ್ತ್ರಚಿಕಿತ್ಸೆ. ಅಮ್ಮನಿಗೆ ಬರೀ ಮೂತ್ರಕೋಶದ ಕಲ್ಲು ಎಂದಿದ್ದೇನೆ. ನೀನು ಬಾಯಿ ಬಿಡಬೇಡ.

ದೇವರು ನಿನ್ನ ಕೈಗೆ ಬಲ ಕೊಡಲಿ. ಜೊತೆಗಾರರಿಗೆಲ್ಲ ನನ್ನ ಸಲಾಮು.

ನಿನ್ನಪ್ಪ,
ಫರ್ಗಲಿ

ತಾ.ಕ.: ಲಕೋಟೆ ಅಂಟಿಸುವಾಗ ನೆನಪಾಗಿ ಮತ್ತೆ ಬಿಚ್ಚಿದೆ. ಹೋದ ವರ್ಷ ಹಬ್ಬಕ್ಕೆ ಬಂದಾಗ ನೀನು, "ಆರೋಗ್ಯವಂತರ ಮಾದರಿ ಸಾಲ್ತಿಲ್ಲಪ್ಪಾ, ನೀನು ಗೂಳಿ ಇದ್ದ ಹಾಗಿದ್ದೀಯ" ಎಂದು ನನ್ನ ಮೂತ್ರವನ್ನು ಸೀಸೆಯಲ್ಲಿ ಒಯ್ದೆ. ಆಮೇಲೆ ಫೋನಿನಲ್ಲಿ ನೀನೇ ನಕ್ಕೆ: "ಆರೋಗ್ಯವಂತರಲ್ಲೆಲ್ಲ ನಿನ್ನ ಗೆರೇನೇ ಗಾಢ, ಅದನ್ನೇ ಮೊದಲ ಚೌಕ ಮಾಡಿದ್ವಿ!" ಮಗಳೇ, ಗಡ್ಡೆ ಆಗಲೇ ನನ್ನೊಳಗಿತ್ತು; ನಾವು ನಿರಾತಂಕ ಎಂದದ್ದು ನನ್ನ ಗಡ್ಡೆಯ ಬಣ್ಣಕ್ಕೆ. ಆ ರಟ್ಟು ಇನ್ನೊಂದು ಊರಿಗೆ ಹೋಗಕೂಡದು. ನಾಳೆ ಬೆಳಿಗ್ಗೆ ದೋಣಿ ಇಳಿಸುವ ಮೊದಲೇ ಶಹಾತನ ಬಾಗಿಲು ತಟ್ಟುತ್ತೇನೆ. ಅವನು ಬೈದರೂ ಸರಿ, ಹೊಡೆದರೂ ಸರಿ, ಅವನನ್ನು ಕರೆದುಕೊಂಡೇ ಮಿನ್ಯಾದ ಮೊದಲ ಬಸ್ಸು ಹತ್ತುತ್ತೇನೆ.