ಕಾರ್ಖಾನೆಗೆ ಶೌಚಾಲಯ ಬಂತು

ಸಂಶೋಧಕ ಮಹಾಶಯರೇ,

ಹೊಲಿಗೆ ಕಾರ್ಖಾನೆಯ ಹೆಂಗಸರಿಗೆ ಇವತ್ತು ಶೌಚಾಲಯ ಬಂತು. ಅದಿಲ್ಲವೆಂದು ಅವರು ದಿನವಿಡೀ ನೀರು ಕುಡಿಯದೆ ಕೂತು ಕಾಯಿಲೆ ಬೀಳುವುದನ್ನು ನಾವಿಬ್ಬರೂ ಸೇರಿ ಅಧ್ಯಯನ ಮಾಡಿದ್ದೆವು. ಆ ವರದಿ ಹಿಡಿದು ನೀವು ವೇದಿಕೆ ಹತ್ತಿದಿರಿ, ಹೋದಲ್ಲೆಲ್ಲ ಭಾಷಣದ ಅದೇ ಸಾಲಿಗೆ ಸರಿಯಾಗಿ ಕಣ್ಣೀರು ಹಾಕಿದಿರಿ. ಪದಕ ಬಂತು, ಹುದ್ದೆ ಬಂತು. ಅದೇ ವರದಿ ಹಿಡಿದು ನಾನು ಆ ಹೆಂಗಸರ ಜೊತೆ ಕೋರ್ಟಿನ ಮೆಟ್ಟಿಲು ಹತ್ತಿದೆ.

"ಇಷ್ಟಕ್ಕೆಲ್ಲ ಏನೂ ಬದಲಾಗಲ್ಲ ಕಣೇ, ಸಮಾಜದ ಬೇರೇ ಕೊಳೆತಿದೆ" ಅಂದಿದ್ದಿರಿ. ನಿಮಗೆ ಬೇರಿನ ಚಿಂತೆ, ಅವರಿಗೆ ಉರಿಮೂತ್ರ.

ಗುಂಡಿ ಹೊಲಿಯುವ ಅಕ್ಕ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೇಳಿದಳು.

"ನಿಮ್ ಜೊತೆ ಬರ್ತಿದ್ರಲ್ಲ, ಅಳೋ ಮೇಷ್ಟ್ರು, ಎಲ್ಲಿ?"

"ನಿಮ್ಮ ಕಷ್ಟದ ಬಗ್ಗೆ ಭಾಷಣ ಮಾಡ್ತಿದಾರೆ."

"ಅಯ್ಯೋ, ಆ ಕಷ್ಟ ಮುಗೀತಲ್ಲ! ಪಾಪ, ಇನ್ನು ಅವರ ಗತಿ ಏನು?"

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

"ಫೋನ್ ಮಾಡಿ ಹೇಳಿ, ಖುಷಿಪಡ್ತಾರೆ" ಅಂದಳು ಅಕ್ಕ.

ನಂಬರ್ ಇಲ್ಲ ಅಂದೆ. ಆಮೇಲೆ ಆ ಹೊಸ ಬಾಗಿಲಿನದ್ದೊಂದು ಫೋಟೊ ತೆಗೆದುಕೊಂಡೆ. ಯಾರಿಗೆ ಅಂತ ಅವಳು ಕೇಳಲಿಲ್ಲ.