ಯರೆಲಿಯ ಕಣ್ಣಿನ ಪಟ್ಟಿ

ಸೆಪ್ಟೆಂಬರ್ 9, ಬೆಳಿಗ್ಗೆ ಆರು
ಮಗಳು ಯಾಕಿಮಾದ ಸೇಬು ತುಂಬುವ ಶೆಡ್ಡಿಗೆ ಕೆಲಸಕ್ಕೆ ಹೋದಳು. ತೋರ್ತಿಯಾ ರೊಟ್ಟಿ ಸುಟ್ಟೆ. ಮೊಮ್ಮಗಳು ಯರೆಲಿಗೆ ಜಡೆ ಹಾಕಿ, ಕಣ್ಣಿಗೆ ಪಟ್ಟಿ ಅಂಟಿಸಿದೆ. ಶಾಲೆಗೆ ಬಂದ ಕಣ್ಣು ಪರೀಕ್ಷೆಯ ವ್ಯಾನಿನ ಡಾಕ್ಟರು ಇಂಗ್ಲಿಷಿನಲ್ಲೇ ಹೇಳಿದ್ದು — ಎಡಗಣ್ಣು ಸೋಮಾರಿ, ದಿನಕ್ಕೆ ಆರು ಗಂಟೆ ಪಟ್ಟಿ. ಮೊದಮೊದಲು ಅಳುತ್ತಾಳೆ, ಬಿಡಬೇಡಿ. ಎಂಟು ವರ್ಷ ತುಂಬಿದ ಮೇಲೆ ಗುಣವಾಗುವುದು ಕಷ್ಟ. ಜನವರಿ ಇಪ್ಪತ್ತಕ್ಕೆ ಅವಳಿಗೆ ಎಂಟು. ಉಳಿದದ್ದು ತಿಳಿಯಲಿಲ್ಲ. ಕೇಳಲು ನಾಚಿಕೆ, ತಲೆಯಾಡಿಸಿದೆ. ಕೊಟ್ಟ ಕಾಗದ ಬೈಬಲಿನೊಳಗಿದೆ.

ಸೆಪ್ಟೆಂಬರ್ 23
ಒಂದು ದಿನವೂ ಅಳಲಿಲ್ಲ. ಕಣ್ಣು ಕಾಯುವ ಸಂತ ಲೂಸಿಯಾಳ ಕೃಪೆ. ಗುಣವಾದರೆ ಡಿಸೆಂಬರ್ ಹದಿಮೂರು, ಅವಳ ಹಬ್ಬದ ದಿನ, ಚರ್ಚಿನ ಬಾಗಿಲಿನಿಂದ ಪೀಠದವರೆಗೆ ಮೊಣಕಾಲಲ್ಲಿ ನಡೆಯುತ್ತೇನೆ. ಹರಕೆ ಹೊತ್ತೆ.
ಪಕ್ಕದ ಮನೆ ಚಾಯೋ ಬೇಲಿಯಾಚೆಯಿಂದ, "ಏನೇ ಎಲೋಡಿಯಾ, ಕಡಲ್ಗಳ್ಳೀನ ಸಾಕ್ಕೊಂಡಿದ್ದೀಯಾ? ನನ್ನ ಕೋಳಿ ಹುಷಾರು ಕಣೇ."
ಯರೆಲಿ ನಕ್ಕು ಏನೋ ಹೇಳಿದಳು. ಅವಳ ಮಾತು ಮನೆಯವರಿಗೇ ತಿಳಿಯದು.

ಅಕ್ಟೋಬರ್ 14
ಶಾಲೆಯಲ್ಲಿ ಮಾತು ತಿದ್ದುವ ಮಿಸ್ ಒಕಾಂಪೊ ನಮ್ಮ ಸ್ಪ್ಯಾನಿಷ್ ಭಾಷೆಯವಳು. ಕನ್ನಡಿ ಮುಂದೆ ಕೂರಿಸಿ ನಾಲಗೆ ಎಲ್ಲಿಡಬೇಕೆಂದು ತೋರಿಸುತ್ತಾಳೆ. "ಮನೇಲೂ ಹತ್ತು ನಿಮಿಷ ಮಾಡ್ಸಿ, ದೋನ್ಯಾ ಎಲೋಡಿಯಾ. ಅವಸರ ಮಾಡ್ಬೇಡಿ." ಮಾಡಿಸುತ್ತಿದ್ದೇನೆ. ಪಟ್ಟಿಯೂ ಒಂದು ದಿನ ತಪ್ಪಿಲ್ಲ.

ಡಿಸೆಂಬರ್ 2
ವ್ಯಾನ್ ಮತ್ತೆ ಬಂತು. ಎಡಗಣ್ಣು ಮೊದಲಿಗಿಂತ ಮಂಜು. ಡಾಕ್ಟರ ಮಾತನ್ನು ಮಿಸ್ ಒಕಾಂಪೊ ನನಗೆ ತಿಳಿಸುತ್ತಿದ್ದಳು.
"ಮಗು ತುಂಬ ಅತ್ತಳಾ ಅಂತ ಕೇಳ್ತಿದ್ದಾರೆ."
"ಒಂದು ದಿನಾನೂ ಇಲ್ಲ."
ಡಾಕ್ಟರು ಪೆನ್ನು ಕೆಳಗಿಟ್ಟರು.
"ಯಾವ ಕಣ್ಣಿಗೆ ಹಾಕ್ತಿದ್ರಿ, ದೋನ್ಯಾ?"
"ಕಾಯಿಲೆ ಕಣ್ಣಿಗೇ ಮಗಳೇ. ಅದಕ್ಕೆ ವಿಶ್ರಾಂತಿ ಬೇಡ್ವಾ?"
ಅವಳು ಬಾಯಿಗೆ ಕೈ ಇಟ್ಟಳು. ಒಳ್ಳೆಯ ಕಣ್ಣನ್ನು ಮುಚ್ಚಬೇಕಿತ್ತು. ಸೋಮಾರಿ ಕಣ್ಣು ದುಡಿಯಬೇಕಿತ್ತು. ಸುಮಾರು ಮೂರು ತಿಂಗಳು ನಾನೇ ಅದನ್ನು ಕತ್ತಲಲ್ಲಿಟ್ಟೆ... ಮನೆಗೆ ಬಂದು ಆ ಕಾಗದ ತೆಗೆದು ನೋಡಿದೆ. ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿದ ಚಿತ್ರವೂ ಇತ್ತು.

ಡಿಸೆಂಬರ್ 3
ಜಪಮಾಲೆ ಹಿಡಿದೆ. ಪ್ರಾರ್ಥನೆ ಬರಲಿಲ್ಲ.

ಡಿಸೆಂಬರ್ 13, ಮಧ್ಯಾಹ್ನ ಎರಡು
ತಾಯಿ ಲೂಸಿಯಾಳ ಹಬ್ಬ. ಚರ್ಚಿಗೆ ಹೋಗಲಿಲ್ಲ, ಯಾವ ಮುಖ ಹೊತ್ತು? ಈಗ ಪಟ್ಟಿ ಬಲಗಣ್ಣಿಗೆ. ಯರೆಲಿ ಬಾಗಿಲಿಗೆ ಹಾಯ್ದಳು. ಹಾಲು ಚೆಲ್ಲಿದಳು. ಹತ್ತು ದಿನದಿಂದ ಅಳು. ಹುಟ್ಟುಹಬ್ಬಕ್ಕೆ ಐದೇ ವಾರ — ಸಾಲುತ್ತದೆಯೇ ಎಂದರೆ ಡಾಕ್ಟರೂ ಹೇಳರು. ಪಟ್ಟಿ ಕೀಳದಂತೆ ಅವಳ ಕೈ ಹಿಡಿದು ಕೂತಿದ್ದೇನೆ. ಈಗಷ್ಟೇ ಅಳು ನಿಲ್ಲಿಸಿದಳು. ಮಿಸ್ ತೋರಿಸಿದ ಜಾಗದಲ್ಲಿ ನಾಲಗೆ ಇಟ್ಟು, ಮೆಲ್ಲಗೆ, ಯಾರಿಗಾದರೂ ತಿಳಿಯುವಂತೆ, ಮೊದಲ ಸಲ —
"ತೆಗಿ ಅಜ್ಜಿ."
ಇನ್ನೂ ನಾಲ್ಕು ಗಂಟೆ ಇದೆ. ಬಿಡಲಿಲ್ಲ. ಮತ್ತೆ ಹೇಳುತ್ತಿದ್ದಾಳೆ, ಇನ್ನೂ ಸ್ಪಷ್ಟವಾಗಿ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಇನ್ನೊಂದರಲ್ಲಿ ಅವಳ ಕೈ ಹಿಡಿದಿದ್ದೇನೆ.