ಮುತ್ತಜ್ಜನ ಅಂಗದಾನ

ಮಾರ್ಚ್ ೪, ಬೆಳಿಗ್ಗೆ

ಎಂದಿನಂತೆ ಮುತ್ತಜ್ಜನನ್ನು ಎಬ್ಬಿಸಿದೆ. ಬಟನ್ ಒತ್ತಿ, ಹಲ್ಲುಜ್ಜಿ, ಚಹಾ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದೆ. ಇನ್ನೂ ಕಣ್ಣು ಬಿಡುತ್ತಿದ್ದ. ಕಂಪ್ಯೂಟರಿಗೆ ಮುತ್ತಜ್ಜ ಅಂತ ಹೆಸರಿಟ್ಟವಳು ನನ್ನ ಗೆಳತಿ ಗೂಬೆ. ಆಗ ಅವನಿಗೆ ಇಷ್ಟು ವಯಸ್ಸಾಗಿರಲಿಲ್ಲ. ಈಗ ಕೂತರೆ ಏಳಲಾರ, ಎದ್ದರೆ ಕೂರಲಾರ.

ಅಮ್ಮ ಡ್ಯೂಟಿಗೆ ಹೋಗಿದ್ದಾಳೆ. ನರ್ಸ್ ಮಗಳಾಗಿ ಹುಟ್ಟಿದರೆ ಅಮ್ಮನ ಮುಖಕ್ಕಿಂತ ಅವಳ ಚೀಟಿಗಳೇ ಹೆಚ್ಚು ಪರಿಚಯ. ಇವತ್ತಿನದು: "ಊಟ ಇದೆ. ಬಿಸಿ ಮಾಡ್ಕೊಂಡು ತಿನ್ನು. ಸಂಜೆ ಲೇಟಾಗುತ್ತೆ." ಕೆಳಗೆ ಬರೆದೆ: "ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು."

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ — ಮುತ್ತಜ್ಜನವರು ತಮ್ಮ ಅಂಗಾಂಗಗಳನ್ನು ದಾನ ಮಾಡಲು ಒಪ್ಪಿದ್ದಾರೆ. ಹೊಸ ಡೆಸ್ಕ್‌ಟಾಪ್ ಕಟ್ಟಲಾಗುವುದು. ಬೋರ್ಡು, ಪ್ರೊಸೆಸರ್, ಪವರ್ ಸಪ್ಲೈ ಹೊಸದು. ಡಬ್ಬ, ಫ್ಯಾನು, ರ್‍ಯಾಮ್, ಹಾರ್ಡ್ ಡಿಸ್ಕ್ ಮುತ್ತಜ್ಜನವು.

ಸಮಸ್ತರು ಎಂದರೆ ನಾನು ಮತ್ತು ಫ್ರಿಜ್ಜು.

ಮಾರ್ಚ್ ೫, ಮಧ್ಯಾಹ್ನ

ಮೆಸೇಜ್. ಗೂಬೆಯಿಂದ. ಮೂರು ತಿಂಗಳ ಮೇಲೆ.

"ನನ್ನ ಡಿಸ್ಕ್ ಬೇಕು. ೧೫ಕ್ಕೆ ಬಂದು ತಗೊಳ್ತೀನಿ. ೨೦ರೊಳಗೆ ಸಿನಿಮಾ ಕಳಿಸ್ಬೇಕು."

ಹಾಯ್ ಇಲ್ಲ, ಹೇಗಿದ್ದೀಯ ಇಲ್ಲ. ಕೊನೆಯಲ್ಲಿ ಫುಲ್‌ಸ್ಟಾಪ್ ಬೇರೆ. ಜನ್ಮದಲ್ಲಿ ಫುಲ್‌ಸ್ಟಾಪ್ ಇಟ್ಟವಳಲ್ಲ.

ಮುತ್ತಜ್ಜನನ್ನು ಇಬ್ಬರೂ ಸೇರಿ ಕಟ್ಟಿದ್ದೆವು. ಡಬ್ಬ ನನ್ನದು, ಡಿಸ್ಕ್ ಅವಳದು. ಅವರ ಮನೆಯಲ್ಲಿ ಎರಡು ಕೋಣೆಗೆ ಆರು ಜನ, ಅದಕ್ಕೇ ಅವನು ಇಲ್ಲಿಯೇ ಉಳಿದ. ಗೂಬೆ ದಿನಾ ಬಂದು ಸಿನಿಮಾ ಬರೆಯುತ್ತಿದ್ದಳು. ಹೌದು, ಬರೆಯುವುದೇ — ಒಂದೊಂದು ಚಿತ್ರ ಕೈಯಲ್ಲಿ ಬಿಡಿಸಿ. ಬಾಡಿಗೆ ಮನೆ ಹುಡುಕುವ ಬಸವನಹುಳುವಿನ ಕಥೆ. ಎಲ್ಲ ಮಾಲೀಕರೂ ಅದರ ಬೆನ್ನು ನೋಡಿ, "ನಿಂಗೆ ಸ್ವಂತ ಮನೆ ಇದ್ಯಲ್ಲಪ್ಪ" ಅನ್ನುತ್ತಾರೆ. ಎರಡು ವರ್ಷದ ಕೆಲಸ. ಸೀಟಿಗಾಗಿ ಚಿತ್ರಕಲಾ ಶಾಲೆಗೆ ಕಳಿಸಬೇಕಾದದ್ದು.

ಡಿಸೆಂಬರಿನಲ್ಲಿ ನಾನೊಂದು ಘನಕಾರ್ಯ ಮಾಡಿದೆ. ಆನ್ ಮಾಡಿದ ಕೂಡಲೇ ಸ್ಕ್ರೀನ್ ಕಪ್ಪಾಗಿ "ಡಿಸ್ಕ್ ಸತ್ತಿದೆ" ಎಂದು ಬರುವಂತೆ, ಜೊತೆಗೆ ಕರಕರ ಸದ್ದು ಬರುವಂತೆ ಪುಟ್ಟದೊಂದು ಪ್ರೋಗ್ರಾಂ. ಕ್ಲಾಸಿನ ನಾಲ್ಕು ಜನರನ್ನು ಪ್ರೇಕ್ಷಕರಾಗಿ ಕರೆದಿದ್ದೆ. ಗೂಬೆ ಬಟನ್ ಒತ್ತಿದಳು. ನೋಡಿದಳು. ನೆಲದ ಮೇಲೆ ಕೂತುಬಿಟ್ಟಳು. ನಾನು "ಸುಳ್ಳೇ ಸುಳ್ಳು!" ಎಂದು ಕಿರುಚಿದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುನಗುತ್ತಲೇ ಚಪ್ಪಲಿ ಹಾಕಿಕೊಂಡಳು. ಆಮೇಲೆ ಬರಲಿಲ್ಲ. ಫೋನ್ ಎತ್ತಲಿಲ್ಲ. ಡಿಸ್ಕನ್ನೂ ಕೇಳಲಿಲ್ಲ.

ಹತ್ತು ದಿನ ಇದೆ. ಅಷ್ಟರಲ್ಲಿ ಹೊಸ ಮಿಷನ್ ಎದ್ದು ನಿಲ್ಲಬೇಕು. ಅವಳ ಬಸವನಹುಳು ಅದರಲ್ಲಿ ತಡವರಿಸದೆ ನಡೆಯಬೇಕು. ನೋಡಿದರೆ... ಒಂದರ್ಧ ಗಂಟೆ ಕೂರಬಹುದು.

ಮಾರ್ಚ್ ೮, ಸಂಜೆ

ಮುತ್ತಜ್ಜನ ರ್‍ಯಾಮ್ ಹೊಸ ಬೋರ್ಡಿಗೆ ಹೊಂದಲಿಲ್ಲ. ಅಡಿಯ ಕಚ್ಚು ಎರಡು ಮಿಲಿಮೀಟರ್ ಆಚೆ. ಒತ್ತಿದೆ, ಬೇಡಿಕೊಂಡೆ, ಉಗಿದೆ. ತಲೆಮಾರಿನ ಅಂತರ ಎಂದರೆ ಇದೇ. ಹೊಸದು ತಂದೆ. ಫ್ಯಾನು ಮಾತ್ರ ಮೈ ತೊಳೆಸಿಕೊಂಡು ಮದುಮಗನ ಹಾಗೆ ಕೂತಿದೆ.

ಅಮ್ಮ ಬಂದಳು. ಬಾಗಿಲಲ್ಲೇ ನಿಂತು, "ಯಾರೇ ಬಂದಿರೋದು? ಮಾತು ಕೇಳಿಸ್ತು."

"ಮುತ್ತಜ್ಜ."

"ಗೂಬೆ ಬಂದ್ಲೇನೋ ಅಂದ್ಕೊಂಡೆ." ಬ್ಯಾಗ್ ಇಳಿಸಿದಳು. "ಯಾಕೆ ಬರ್ತಿಲ್ಲ ಅವಳು? ಏನು ಮಾಡ್ದೆ?"

"ನಾನ್ಯಾಕೆ ಮಾಡ್ಲಿ?"

"ನಿನ್ನ ಹೆತ್ತಿದ್ದು ನಾನು ಕಣೇ. ಕೋತಿ ಆಡ್ಸೋರಿಗೆ ಕೋತಿ ಬುದ್ಧಿ ಗೊತ್ತಿರಲ್ವಾ?"

ಕೂತಲ್ಲೇ ನಿದ್ದೆ ಹೋದಳು. ಶೂ ಬಿಚ್ಚಿದೆ. ಲೇಸುಗಳನ್ನು ಒಂದಕ್ಕೊಂದು ಕಟ್ಟಿಡುವ ಯೋಚನೆ ಬಂತು. ಬಿಟ್ಟೆ.

ಮಾರ್ಚ್ ೧೨, ಬೆಳಿಗ್ಗೆ ೧೧

ಇಂದು ಹೃದಯ ಕಸಿ. ಹಳೆಯ ಪವರ್ ಸಪ್ಲೈ ಹೊರಗೆ, ಹೊಸದು ಒಳಗೆ.

ಡಿಸ್ಕಿಗೆ ಕರೆಂಟು ಒಯ್ಯುವ ಹಳೇ ವೈರು ಮಾತ್ರ ಬರಲೊಲ್ಲದು. ಗೂಬೆ ಅದನ್ನು ಡಬ್ಬದ ಬೆನ್ನಿಗೆ ಕಸೂತಿ ದಾರದಲ್ಲಿ ಕಟ್ಟಿದ್ದಾಳೆ. ಏಳು ಗಂಟು, ಏಳು ಬಣ್ಣ. ಹಲ್ಲಿನಿಂದ ದಾರ ಕಡಿಯುತ್ತ, "ಒಳಗೆ ಯಾರೂ ನೋಡಲ್ಲ ಅಂತ ಹರಕು ಬನಿಯನ್ ಹಾಕ್ಕೋತಾರೇನೇ?" ಅಂದಿದ್ದಳು.

ಹೊಸ ಬಾಕ್ಸಿನಲ್ಲಿ ಹೊಸ ವೈರು ಇದೆ. ಅದನ್ನು ಹಾಕಲು ಏಳು ಗಂಟನ್ನೂ ಕತ್ತರಿಸಬೇಕು. ಬೇಡ. ಹಳೇ ವೈರಿನ ತುದಿ ಹೊಸ ಪವರ್ ಸಪ್ಲೈನ ಸಾಕೆಟ್ಟಿಗೆ ಟಕ್ ಎಂದು ಕೂತಿತು. ಅಳತೆ ಕೊಟ್ಟು ಹೊಲಿಸಿದ ಹಾಗೆ. ಮುತ್ತಜ್ಜನ ಆಶೀರ್ವಾದ.

೧೧.೪೦

ಸ್ವಿಚ್ ಹಾಕಿದೆ. ಚಟ್ ಎಂದಿತು. ಸುಟ್ಟ ವಾಸನೆ.

ಡಿಸ್ಕ್ ತಿರುಗುತ್ತಿಲ್ಲ.

ತಮಾಷೆ ಅಲ್ಲ. ತಮಾಷೆ ಅಲ್ಲ ಅಂತ ಯಾರಿಗೆ ಹೇಳಲಿ.

ಮಾರ್ಚ್ ೧೩

ರಿಪೇರಿ ಅಂಗಡಿ. ಬಿಳಿ ಕೋಟಿನ ಬದಲು ಬನಿಯನ್ ಹಾಕಿ, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕೂರುವ ಯಜಮಾನರು. ಎಲ್ಲರೂ ಡಾಕ್ಟರ್ ಅನ್ನುತ್ತಾರೆ. ಡಿಸ್ಕನ್ನು ಮಗುಚಿ, ಹಸಿರು ಹಲಗೆಯ ಮೇಲಿನ ಕಪ್ಪು ಕಲೆಯನ್ನು ಮೂಸಿದರು.

"ಹಳೇ ವೈರು, ಹೊಸ ಸಪ್ಲೈ?"

"ಸರಿಯಾಗೇ ಕೂತ್ಕೊಳ್ತು ಅಂಕಲ್."

"ಕೂತ್ಕೊಳ್ಳುತ್ತೆ. ಅದೇ ಮೋಸ. ಸಾಕೆಟ್ ನೋಡೋಕೆ ಒಂದೇ ಥರ, ಒಳಗೆ ಕಂಪನಿಗೊಂದು ದಾರಿ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ನುಗ್ಗಿದೆ. ವೈರು ಮಾತ್ರ ಹಳೇದು ಹಾಕ್ಬಾರ್ದಮ್ಮ. ಇನ್ನೇನು ಬೇಕಾದ್ರೂ ಹಾಕು."

ಡಿಸ್ಕಿನಲ್ಲಿ ಕಾವಲಿಗೆಂದೇ ಒಂದು ಪುಟ್ಟ ಪಾರ್ಟು ಇರುತ್ತದಂತೆ. ಪೆಟ್ಟು ಅದರ ಮೇಲೆಯೇ ಬಿದ್ದಿದ್ದರೆ, ಕಿತ್ತು ಹಾಕಿ ಡಿಸ್ಕನ್ನು ಒಂದು ಸಲ ಓಡಿಸಬಹುದು. ಕಾಪಿ ಮಾಡಿಕೊಳ್ಳುವಷ್ಟು ಹೊತ್ತು. ಪೆಟ್ಟು ಒಳಗೂ ಹೋಗಿದ್ದರೆ ಮುಗಿಯಿತು.

"ಮಾಡಿ ಅಂಕಲ್. ಈಗ್ಲೇ."

"ಡಿಸ್ಕ್ ನಿಂದೇನಾ?"

ಹೂಂ ಅನ್ನಬಹುದಿತ್ತು. ಯಾಕೋ ನಾಲಿಗೆ ಹೊರಳಲಿಲ್ಲ. "ಫ್ರೆಂಡದ್ದು."

ಭೂತಗನ್ನಡಿ ತೆಗೆದರು. "ಹಾಗಾದ್ರೆ ಅವ್ರು ಹೇಳ್ಲಿ. ಫೋನಾದ್ರೂ ಮಾಡ್ಲಿ. ಕೈ ಹಾಕಿದ್ಮೇಲೆ ಇರೋದೂ ಹೋಗ್ಬಹುದು. ಇನ್ನೊಬ್ರ ಸಾಮಾನು ಅವ್ರನ್ನ ಕೇಳ್ದೆ ನಾನು ಬಿಚ್ಚಲ್ಲ. ಮೂವತ್ತು ವರ್ಷದ ಪದ್ಧತಿ."

ಡಿಸ್ಕ್ ವಾಪಸ್ ಕೊಟ್ಟರು. ಕರ್ಚೀಫಿನಲ್ಲಿ ಸುತ್ತಿ ತಂದೆ.

ಮಾರ್ಚ್ ೧೪, ಬೆಳಿಗ್ಗೆ

ಫೋನಾದ್ರೂ ಮಾಡ್ಲಿ ಅಂದರು ಡಾಕ್ಟರು.

ಗೂಬೆಯ ದನಿಯಲ್ಲಿ ಮಾತಾಡಲು ನನಗೆ ಬರುತ್ತದೆ. ಪ್ರಿನ್ಸಿಪಾಲರದ್ದು, ಅಮ್ಮನದ್ದು, ಲಿಫ್ಟಿನೊಳಗಿನ ಹೆಂಗಸಿನದ್ದು ಎಲ್ಲ ಬರುತ್ತದೆ. ಗೂಬೆಯದ್ದು ಎಲ್ಲಕ್ಕಿಂತ ಚೆನ್ನಾಗಿ. ಹಿಂದೊಮ್ಮೆ ಅವರಮ್ಮನೇ ಮೋಸ ಹೋಗಿ ನನಗೆ ಫೋನಿನಲ್ಲಿ ಬೈದಿದ್ದರು. ಒಂದು ಕಾಲ್. ಡಾಕ್ಟರು ಪಾರ್ಟು ಕಿತ್ತು ಕಾಪಿ ಮಾಡುತ್ತಾರೆ. ನಾಳೆ ಅವಳ ಕೈಗೆ ಸಿನಿಮಾ. ಯಾರಿಗೂ ಏನೂ ಗೊತ್ತಾಗದು.

ಡಯಲ್ ಮಾಡಿದೆ. ಡಾಕ್ಟರು ಎತ್ತಿದರು.

"ಹಲೋ... ನಮಸ್ತೆ. ನನ್ನ ಡಿಸ್ಕ್ ವಿಷ್ಯ. ನಿನ್ನೆ ನನ್ನ ಫ್ರೆಂಡ್ ತಂದಿದ್ಲಲ್ಲ..."

ಕೊನೆಯಲ್ಲಿ ಸ್ವಲ್ಪ ಮೇಲೇಳುವ ಅದೇ ದನಿ. ಮೂರು ತಿಂಗಳಿಂದ ಈ ಮನೆಯಲ್ಲಿ ಕೇಳದ ದನಿ. "ನನ್ನ ಫ್ರೆಂಡ್" ಅಂದಿತು. ಹಾಗೆ ಅನ್ನಲು ಅದಕ್ಕೆ ಯಾರು ಹೇಳಿದರು? ನಾನೇ.

ಕಟ್ ಮಾಡಿದೆ.

ಮಧ್ಯಾಹ್ನ

ನಿಜ ಬರೆದು ಕಳಿಸಿದೆ. ಹಳೇ ವೈರು, ಚಟ್, ಡಾಕ್ಟರು, ಎಲ್ಲ. ಒಂದು ಜೋಕೂ ಇಲ್ಲದೆ. ಬೆವರಿಳಿಯಿತು.

ಉತ್ತರ: "ಹ ಹ. ಎರಡನೇ ಸಲಾನಾ?"

"ಆಣೆ ಮಾಡ್ತೀನಿ" ಎಂದು ಬರೆದೆ. ಅಳಿಸಿದೆ. ನನ್ನ ಆಣೆಗಳು ಎಷ್ಟು ಸವೆದಿವೆ ಎಂದರೆ ಹರಾಜಿಗಿಟ್ಟರೂ ಗುಜರಿಯವನು ಮುಟ್ಟಲಾರ.

ಮಾರ್ಚ್ ೧೫, ಬೆಳಿಗ್ಗೆ

ಬಂದಳು. ಕೂದಲು ಕತ್ತರಿಸಿದ್ದಾಳೆ. ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ಕೈ ಚಾಚಿದಳು. ಕರ್ಚೀಫ್ ಬಿಚ್ಚಿ ಕೊಟ್ಟೆ.

ಮಗುಚಿ ನೋಡಿದಳು. "ಚೆನ್ನಾಗಿದೆ. ಯಾವ ಮಸಿ ಇದು?"

"ಮಸಿ ಅಲ್ಲ."

"ಕಾಡಿಗೆನಾ? ನಿಮ್ಮಮ್ಮಂದು?"

ಹೆಬ್ಬೆರಳಿಂದ ಉಜ್ಜಿದಳು. ಉಗುಳು ಹಚ್ಚಿ ಇನ್ನೊಮ್ಮೆ ಉಜ್ಜಿದಳು. ಹೋಗಲಿಲ್ಲ. ಮೂಗಿನ ಹತ್ತಿರ ಹಿಡಿದಳು. ಆಮೇಲೆ ನನ್ನ ಮುಖ ನೋಡಿದಳು — ನಾನು ಈಗ "ಸುಳ್ಳೇ ಸುಳ್ಳು!" ಎಂದು ಕಿರುಚುತ್ತೇನೆ ಎಂದು ಕಾಯುವ ಹಾಗೆ. ಕಿರುಚು, ಪರವಾಗಿಲ್ಲ, ಅನ್ನುವ ಹಾಗೆ.

ಕಿರುಚಲು ಏನೂ ಇರಲಿಲ್ಲ.

"ಎಲ್ಲಿದೆ ಆ ಅಂಗ್ಡಿ?" ಅಂದಳು.

ದಾರಿಯುದ್ದಕ್ಕೂ ನಾಲ್ಕು ಹೆಜ್ಜೆ ಮುಂದೆ ನಡೆದಳು. ದಾರಿ ಗೊತ್ತಿದ್ದವಳು ನಾನು. ಎರಡು ಸಲ ತಪ್ಪು ತಿರುವು ತೆಗೆದುಕೊಂಡಳು. ಎರಡು ಸಲವೂ ನಾನು ಕೆಮ್ಮಿದೆ, ಅವಳು ತಿರುಗಿ ಬಂದಳು.

ಮಧ್ಯಾಹ್ನ

ಡಾಕ್ಟರು ಅವಳನ್ನೇ ಕೇಳಿದರು: "ಹೋದ್ರೆ ಪೂರ್ತಿ ಹೋಗುತ್ತೆ. ಮಾಡ್ಲಾ?"

"ಮಾಡಿ ಅಂಕಲ್." ನನ್ನ ಕಡೆ ನೋಡದೆ, "ನೀನು ಹೊರಗಿರು."

ಗಾಜಿನ ಬಾಗಿಲಾಚೆ ನಿಂತೆ. ಡಾಕ್ಟರ ಬೆನ್ನು. ಹೊಗೆಯ ಎಳೆ. ಚಿಮಟದ ತುದಿಯಲ್ಲಿ ಎಳ್ಳಿನಷ್ಟು ಕರಿ ಚೂರು. ವೈರು ಚುಚ್ಚಿದರು. ಸದ್ದೇನೂ ಕೇಳಲಿಲ್ಲ, ಗೂಬೆಯ ಭುಜ ಕೆಳಗಿಳಿದದ್ದು ಮಾತ್ರ ಕಂಡಿತು. ಬದುಕಿತೋ ಸತ್ತಿತೋ ಭುಜ ನೋಡಿ ಹೇಗೆ ತಿಳಿಯುವುದು? ಮಾನಿಟರಿನ ಮೇಲೆ ಬಸವನಹುಳು ಬಂದ ಮೇಲೆ ತಿಳಿಯಿತು. ಡಾಕ್ಟರು ಹೊಟ್ಟೆ ಕುಣಿಸಿ ನಕ್ಕರು. ನಾನು ಫುಟ್‌ಪಾತಿನ ಅಂಚಿನ ಮೇಲೆ ಕೂತುಬಿಟ್ಟೆ.

ಮುಕ್ಕಾಲು ಗಂಟೆ ಕಾಪಿ. ಬೇರೆ ಡಿಸ್ಕ್ ಹಿಡಿದು ಹೊರಬಂದಳು.

"ಎಲ್ಲಾ ಇದೆಯಾ?"

"ಇದೆ. ಕೊನೇ ಸೀನ್ ಇನ್ನೂ ಬಿಡಿಸ್ಬೇಕು." ರಸ್ತೆಗಿಳಿದಳು. "ನಿನ್ನ ಹೊಸ ಮಿಷನ್ ಬದುಕಿದ್ಯಾ?"

"ಅದಕ್ಕೇನೂ ಆಗಿಲ್ಲ. ನಾಚಿಕೆಗೆಟ್ಟಿದ್ದು."

"ನಾಳೆ ಹತ್ತಕ್ಕೆ ಬರ್ತೀನಿ. ಕೆಲ್ಸಕ್ಕೆ. ಸರಿಹೋಯ್ತು ಅಂದ್ಕೋಬೇಡ. ನೀನು ಆ ಕೋಣೆಗೆ ಬರ್ಬಾರ್ದು, ಮಾತಾಡ್ಬಾರ್ದು."

ಮಾರ್ಚ್ ೧೭

ಎರಡನೇ ದಿನ. ಅವಳು ಕೋಣೆಯಲ್ಲಿ, ನಾನು ಅಡುಗೆಮನೆಯಲ್ಲಿ ಗಡೀಪಾರು. ಗೋಡೆಯಾಚೆ ಮೌಸಿನ ಟಿಕ್ ಟಿಕ್. ಚಹಾ ಲೋಟವನ್ನು ಬಾಗಿಲ ಬುಡದಲ್ಲಿಟ್ಟು ಬರುತ್ತೇನೆ. ಖಾಲಿ ಲೋಟ ಅದೇ ಜಾಗಕ್ಕೆ ಬರುತ್ತದೆ. ಮನೆಯಲ್ಲಿ ಇಬ್ಬರಿದ್ದೂ ಇಷ್ಟು ಒಂಟಿತನ ಸಾಧ್ಯ ಎಂದು ಗೊತ್ತಿರಲಿಲ್ಲ. ಆದರೂ, ಅವಳು ಹೊರಟ ಮೇಲಿನದಕ್ಕಿಂತ ಇದೇ ವಾಸಿ.

ಮಾರ್ಚ್ ೧೯, ಮಧ್ಯಾಹ್ನ ೩

ಇವತ್ತೇ ಮುಗಿಸಬೇಕು. ಟಿಕ್ ಟಿಕ್ ನಿಂತು ಹತ್ತು ನಿಮಿಷವಾಯಿತು. ಹೊರಡಲು ಸಾಮಾನು ಕಟ್ಟುತ್ತಿರಬೇಕು.

ಇಲ್ಲ. ಕುರ್ಚಿ ಸರಿದ ಸದ್ದು. ಬಾಗಿಲು ತೆರೆದಳು. ಅಲ್ಲಿಂದಲೇ —

"ಇಲ್ಲಿ ಬಾ. ಕೊನೇ ಸೀನ್ ನೋಡು. ನಗು ಬರುತ್ತಾ ಇಲ್ವಾ, ನಿಜ ಹೇಳು."

ಮಾತಾಡಬಹುದೋ ಇಲ್ಲವೋ ತಿಳಿಯಲಿಲ್ಲ.

"ಕೇಳಿಸ್ತಾ? ನಿಜ ಹೇಳ್ಬೇಕು. ನಿನ್ನ ಮಾತು ನಂಬಿ ಕಳಿಸ್ತಿದ್ದೀನಿ."

ಹೊರಟೆ. ನಗು ಬರದಿದ್ದರೆ, ಬರಲಿಲ್ಲ ಅಂತಲೇ ಹೇಳಬೇಕು.